ಒಂಬತ್ತನೆಯ ಹಾಡಿನ ಪಂಚನಾಮೆ

ಮಂಗಳವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ವಯಸ್ಸು ಮೂವತ್ತೆಂಟು. ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸ. ದೂರನ್ನು ಮನೆಯಲ್ಲೇ ಬರೆದು ತಂದಿದ್ದಳು, ಅಕ್ಷರ ಅಚ್ಚಿನಂತಿತ್ತು. ಠಾಣೆಗೆ ಬರುವ ದೂರುಗಳಲ್ಲಿ ಅರ್ಧಕ್ಕರ್ಧ ಓದಲಿಕ್ಕೇ ಬಾರದ ಕಾರಣ ಇನ್‌ಸ್ಪೆಕ್ಟರ್‌ಗೆ ಅಷ್ಟರಲ್ಲೇ ಅವಳ ಮೇಲೆ ಸ್ವಲ್ಪ ಗೌರವ ಹುಟ್ಟಿತು.

ಆ ಠಾಣೆಯ ಇನ್‌ಸ್ಪೆಕ್ಟರ್ ನಲವತ್ತೇಳರ ಹೆಂಗಸು. ಹೆಚ್ಚು ಮಾತಿಲ್ಲ, ಗದ್ದಲ ಕಂಡರೆ ಆಗದು. ದೂರನ್ನು ಓದಿ ತಲೆಯೆತ್ತಿದರು.

"ತಂದೆಯವರ ಕೊನೆಯ ಆಲ್ಬಂ ಅಂತ ಬರ್ದಿದ್ದೀರಿ. ಫೋಟೋದ್ದಾ?"

"ಹಾಡಿಂದು ಮೇಡಂ. ಒಂದು ಹಾರ್ಡ್ ಡಿಸ್ಕ್‌ನಲ್ಲಿತ್ತು. ಡಿಸ್ಕೇ ಹೋಗಿದೆ."

"ಇನ್ನೊಂದು ಕಾಪಿ?"

"ಇಲ್ಲ. ಒಂದು ಸಲ ಹಾಡು ಬಿಡುಗಡೆಗೆ ಮುಂಚೆ ಹೊರಗೆ ಹೋಗಿತ್ತು. ಆಮೇಲೆ ಅಪ್ಪ ಕಾಪಿ ಮಾಡೋಕೆ ಬಿಡ್ತಾ ಇರಲಿಲ್ಲ."

ಪಕ್ಕದ ಮೇಜಿನಲ್ಲಿ ಬರೆಯುತ್ತಿದ್ದ ಹೆಡ್ ಕಾನ್‌ಸ್ಟೆಬಲ್ ಕತ್ತು ಉದ್ದ ಮಾಡಿ ದೂರಿನ ಮೇಲಿನ ವಿಳಾಸ ನೋಡಿದ. ತಟ್ಟನೆ ಎದ್ದು ನಿಂತ.

"ಮೇಡಂ, ಇವರು ಗುಡುಗಣ್ಣನ ಮಗಳು!"

ಇನ್‌ಸ್ಪೆಕ್ಟರ್‌ಗೆ ಆ ಹೆಸರು ಗೊತ್ತಿರಲಿಲ್ಲ. ರಾಕ್ ಸಂಗೀತವೆಂದರೆ ತಲೆನೋವಿನ ಮೂಲ ಎಂಬುದಷ್ಟೇ ಅವರ ತಿಳಿವಳಿಕೆ. ಹೆಡ್ ಕಾನ್‌ಸ್ಟೆಬಲ್ ಕಾಲೇಜಿನ ದಿನಗಳಲ್ಲಿ ಗೋಡೆ ಹಾರಿ ಗುಡುಗಣ್ಣನ ಕಾರ್ಯಕ್ರಮಕ್ಕೆ ಹೋದವನು, ಬಾಯಿ ಬಿಟ್ಟರೆ ಮುಚ್ಚುವ ಹಾಗಿರಲಿಲ್ಲ. "ಎಲ್ಲಾ ಬ್ಯಾಂಡಲ್ಲೂ ಗಿಟಾರ್‌ನವನು ಮುಂದೆ ನಿಲ್ತಾನೆ ಮೇಡಂ. ಇವರ ಬ್ಯಾಂಡಲ್ಲಿ ಕೀಬೋರ್ಡ್ ಮುಂದೆ. ಬೇಸ್ ಗಿಟಾರ್ ಅಂತ ಇರಲೇ ಇಲ್ಲ. ಆ ಕೆಲಸ ಪೂರ್ತಿ ಇವರ ಎಡಗೈದು. ಎಡಗೈ ಬಿತ್ತು ಅಂದ್ರೆ ನಾವು ನಿಂತ ಬೆಂಚು ನಡುಗೋದು. ಅದಕ್ಕೇ ಗುಡುಗಣ್ಣ."

"ನಿನ್ನ ಬೆಂಚಿನ ಕತೆ ಸಾಕು, ಬರ್ಕೋ" ಎಂದರು ಇನ್‌ಸ್ಪೆಕ್ಟರ್. ನಂತರ ಅವಳ ಕಡೆ ತಿರುಗಿದರು. "ತಂದೆ ತೀರಿಕೊಂಡು ಎಷ್ಟು ದಿನ ಆಯ್ತು?"

"ನಾಳೆಗೆ ನಲವತ್ತೆರಡು."

"ಡಿಸ್ಕ್ ಕೊನೆಗೆ ನೋಡಿದ್ದು?"

"ಹೋದ ಗುರುವಾರ. ಕಂಪನಿ ಮ್ಯಾನೇಜರ್ ಬಂದಿದ್ದರು, ಬಾಗಿಲಲ್ಲಿ ನಿಂತು ತೋರಿಸಿದೆ. ನಿನ್ನೆ ಸಂಜೆ ನೋಡಿದ್ರೆ ಇಲ್ಲ."

"ಬಿಡುಗಡೆ ಆಗದೆ ಇದ್ರೆ ನಿಮಗೆ ನಷ್ಟ ಇದೆಯಾ?"

ಅವಳು ಆಗ ಕೂತಳು.

"ಹಾಡು ಬಿಡುಗಡೆ ಆಗದೇ ಇದ್ರೂ ಪರವಾಗಿಲ್ಲ ಮೇಡಂ. ಅಪ್ಪನ ಕೊನೆಯ ಆರು ತಿಂಗಳು ಅದರಲ್ಲಿದೆ. ದಿನಾ ಮಧ್ಯಾಹ್ನ ಎರಡರಿಂದ ಐದು ರೂಮಿನ ಬಾಗಿಲು ಹಾಕ್ಕೊಂಡು ಕೂರ್ತಿದ್ರು. ನನ್ನನ್ನ ಒಳಗೆ ಬಿಡ್ತಿರಲಿಲ್ಲ. ಒಳಗೆ ಏನಾಯ್ತು, ಏನು ಮಾತಾಡಿದ್ರು, ಒಂದೂ ನನಗೆ ಗೊತ್ತಿಲ್ಲ. ಆ ಡಿಸ್ಕ್ ಸಿಕ್ಕಿದ್ರೆ ಗೊತ್ತಾಗುತ್ತೆ."

ಹನ್ನೊಂದು ಗಂಟೆ ಐದು ನಿಮಿಷಕ್ಕೆ ಎಫ್‌ಐಆರ್ ದಾಖಲಾಯಿತು. ಕಳವು. ಕಳುವಾದ ವಸ್ತುವಿನ ವಿವರ: ಅಂಗೈ ಅಗಲದ ಕಪ್ಪು ಡಬ್ಬಿ, ಒಂದು.

ಹನ್ನೊಂದೂವರೆಗೆ ಸ್ಥಳ ಪಂಚನಾಮೆ. ಮನೆಯ ಪಕ್ಕದ ಕಾರ್ ಶೆಡ್ಡನ್ನೇ ರೆಕಾರ್ಡಿಂಗ್ ರೂಮು ಮಾಡಿಕೊಂಡಿದ್ದರು. ಕಿಟಕಿಗೆ ಇಟ್ಟಿಗೆ ಕಟ್ಟಿ, ಗೋಡೆಗೆ ಸ್ಪಂಜು ಹೊಡೆದು, ಅದರ ಮೇಲೆ ಹಳೆಯ ಜಮಖಾನೆ ತೂಗು ಹಾಕಿತ್ತು. ಒಂದು ಮೂಲೆಯಲ್ಲಿ ಕಂಪ್ಯೂಟರ್, ನಡುವೆ ಬೂದು ಹೊದಿಕೆ ಹೊದಿಸಿದ ದೊಡ್ಡ ಆರ್ಗನ್, ಮುಂದೆ ಎರಡು ಸ್ಟೂಲು. ಬಾಗಿಲು ಪಕ್ಕದ ಓಣಿಗೆ ತೆರೆಯುತ್ತಿತ್ತು, ಮೂರು ಮೆಟ್ಟಿಲು. ಬೀಗ ಒಡೆದಿರಲಿಲ್ಲ.

"ಬೀಗದ ಕೈ ಎಷ್ಟು?"

"ಎರಡು. ಒಂದು ನನ್ನ ಹತ್ತಿರ. ಇನ್ನೊಂದು ಅಪ್ಪನದು. ಆಸ್ಪತ್ರೆಯಿಂದ ಕೊಟ್ಟ ಸಾಮಾನಲ್ಲಿ ಅದಿರಲಿಲ್ಲ."

ಕಂಪ್ಯೂಟರಿನ ಪಕ್ಕದಲ್ಲಿ ಡಿಸ್ಕ್ ಇದ್ದ ಜಾಗ ಮಾತ್ರ ಧೂಳಿಲ್ಲದೆ ಚೌಕವಾಗಿ ಉಳಿದಿತ್ತು. ಅದಕ್ಕೆ ಜೋಡಿಸಿದ್ದ ವೈರನ್ನು ಕಳ್ಳ ಸುತ್ತಿ, ದಾರ ಕಟ್ಟಿ ಮೊಳೆಗೆ ನೇತುಹಾಕಿದ್ದ. ಹೆಡ್ ಕಾನ್‌ಸ್ಟೆಬಲ್ ಅದನ್ನು ಫೋಟೋ ತೆಗೆದ. ಹೊದಿಕೆ ತೆಗೆಯಲು ಹೋದಾಗ ಮಗಳು ತಡೆದಳು.

"ಅದನ್ನ ಇವತ್ತು ಬೇಡ, ದಯವಿಟ್ಟು. ಅಪ್ಪ ಹೋದ ಮಾರನೇ ದಿನ ನಾನೇ ಹೊದಿಸಿದ್ದು."

ಬೆರಳಚ್ಚಿನವರು ನಾಳೆ ಬರುವವರಿದ್ದರು. ಇನ್‌ಸ್ಪೆಕ್ಟರ್ ಹೊದಿಕೆಯನ್ನು ಹಾಗೇ ಬಿಟ್ಟರು. ಮೆಟ್ಟಿಲ ಮೇಲೆ ನಿಂತು ಅವಳ ಹೇಳಿಕೆ ಬರೆದುಕೊಂಡರು.

ಹನ್ನೊಂದು ತಿಂಗಳ ಹಿಂದೆ ತಂದೆಗೆ ಲಕ್ವ ಹೊಡೆದಿತ್ತು. ಎಡಭಾಗ ಸ್ವಾಧೀನ ತಪ್ಪಿತು. ಮೂರು ತಿಂಗಳು ಹಾಸಿಗೆ, ಆಮೇಲೆ ಕೋಲು ಹಿಡಿದು ಓಡಾಟ, ಆಮೇಲೆ ಈ ಆಲ್ಬಂ. ಬ್ಯಾಂಡಿನ ಹೆಸರಿಲ್ಲದೆ, ಒಬ್ಬರೇ. ಒಂಬತ್ತು ಹಾಡು. ಎಂಟು ಮುಗಿದಿತ್ತು, ಒಂಬತ್ತನೆಯದು ನಡೆಯುತ್ತಿದ್ದಾಗ ಎರಡನೇ ಸಲ ಹೊಡೆಯಿತು. ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದರು.

"ಶನಿವಾರ ನನಗೆ ಅರ್ಧ ದಿನ ರಜೆ. ಈ ಮೆಟ್ಟಿಲ ಮೇಲೆ ಕೂತು ಕೇಳ್ತಿದ್ದೆ. ಮೊದಮೊದಲು ಬಲಗೈ ಒಂದೇ ಕೇಳ್ಸೋದು. ಒಂದು ಶನಿವಾರ ಎಡಗೈನೂ ಕೇಳಿಸ್ತು. ಆವತ್ತು ಇಲ್ಲೇ ಅತ್ತುಬಿಟ್ಟೆ ಮೇಡಂ. ಅಪ್ಪ ಗೆದ್ದ ಅಂದ್ಕೊಂಡೆ."

"ಮನೆಯಲ್ಲಿ ಎಡಗೈ ಆಡಿಸ್ತಿದ್ರಾ?"

"ಲೋಟ ಹಿಡಿಯೋಕೆ ಆಗ್ತಿರಲಿಲ್ಲ. ಕೇಳಿದ್ರೆ, ಲೋಟ ಹಿಡಿಯೋದೇ ಬೇರೆ, ಬಾರಿಸೋದೇ ಬೇರೆ ಅನ್ನೋರು."

ಇನ್‌ಸ್ಪೆಕ್ಟರ್ ಆ ಮಾತನ್ನು ಬರೆದುಕೊಂಡು ಅಡಿಗೆರೆ ಎಳೆದರು.

ಕಂಪನಿಯ ಮ್ಯಾನೇಜರ್ ಫೋನಿನಲ್ಲೇ ಬೆಚ್ಚಿಬಿದ್ದ. ಶನಿವಾರದ ಹೊತ್ತಿಗೆ ಡಿಸ್ಕ್ ಅವನ ಕೈ ಸೇರಬೇಕಾಗಿತ್ತು. ಎಂಟು ಹಾಡಿನದು ಒಂದು ಸಿಡಿ. ಜೊತೆಗೆ ಇನ್ನೊಂದು ಸಿಡಿಯಲ್ಲಿ ರೂಮಿನಲ್ಲಿ ರೆಕಾರ್ಡ್ ಆದ ಮಾತುಕತೆ, ತಪ್ಪು, ಕೆಮ್ಮು, ಎಲ್ಲವನ್ನೂ ಹಾಕುವ ಯೋಜನೆ ಅವನದು. "ಅಭಿಮಾನಿಗಳಿಗೆ ಅದೇ ಬೇಕು ಮೇಡಂ. ಮಗಳೂ ಖುಷಿಯಿಂದ ಒಪ್ಪಿದ್ದಾರೆ." ಕೈಗೆ ಬರಲಿದ್ದ ವಸ್ತುವನ್ನು ಕದಿಯುವ ಅಗತ್ಯ ಅವನಿಗಿರಲಿಲ್ಲ.

ಅನುಮಾನಕ್ಕೆ ಉಳಿದವನು ಹಳೆಯ ಬ್ಯಾಂಡಿನ ಗಿಟಾರ್‌ನವನು. ಗುಡುಗಣ್ಣನಿಗೂ ಅವನಿಗೂ ಇಪ್ಪತ್ತು ವರ್ಷದಿಂದ ಹಾವು ಮುಂಗುಸಿ. ಬ್ಯಾಂಡು ಒಡೆದದ್ದೇ ಇವರಿಬ್ಬರಿಂದ. ಮಧ್ಯಾಹ್ನ ಮೂರು ಗಂಟೆಗೆ ಅವನ ಮನೆಯ ಬಾಗಿಲು ತಟ್ಟಿದರೆ, ಎರಡು ಊರುಗೋಲಿನ ಮೇಲೆ ನಿಂತು ಬಾಗಿಲು ತೆಗೆದ. ಕಾಲಿಗೆ ತೊಡೆಯವರೆಗೆ ಪ್ಲಾಸ್ಟರ್.

"ಯಾವಾಗಿಂದ ಇದು?"

"ಹದಿನೈದು ದಿನ. ಬಚ್ಚಲಲ್ಲಿ ಜಾರಿದೆ. ಬೇಕಾದ್ರೆ ಎಕ್ಸ್‌ರೇ ತೋರಿಸ್ತೀನಿ."

"ಗುಡುಗಣ್ಣ ತೀರಿಕೊಂಡಾಗ ಅವರ ಮನೆಗೆ ಹೋಗಿ ಆಲ್ಬಂ ಕೇಳಬೇಕು ಅಂದ್ರಂತೆ."

"ಅಂದೆ. ಕೇಳೋ ಆಸೆ ಇರಲ್ವಾ? ನಲವತ್ತು ವರ್ಷದ ಹಿಂದೆ ಇಬ್ಬರೂ ಒಂದೇ ಸೈಕಲ್‌ನಲ್ಲಿ ಓಡಾಡಿದವರು." ಅವನು ನಿಧಾನವಾಗಿ ಸೋಫಾದ ಮೇಲೆ ಕೂತ. "ಕದಿಯೋ ಮನಸ್ಸಿದ್ದಿದ್ರೆ ಆವಾಗಲೇ ಅವನ ಎಡಗೈ ಕದೀತಿದ್ದೆ. ಈಗ ಡಿಸ್ಕ್ ತಗೊಂಡು ಏನು ಮಾಡಲಿ? ಸತ್ತವನ ಜೊತೆ ಜಗಳ ಆಡೋಕಾಗುತ್ತಾ?"

ಅವನ ಕಣ್ಣಲ್ಲಿ ನೀರಿತ್ತು. ಹೆಡ್ ಕಾನ್‌ಸ್ಟೆಬಲ್ ಗೋಡೆಯ ಮೇಲಿನ ಹಳೆಯ ಪೋಸ್ಟರ್ ನೋಡುವ ನೆಪ ಮಾಡಿದ.

"ರೂಮಲ್ಲಿ ಅವನ ಜೊತೆ ಯಾರಿದ್ರು ಅಂತ ಕೇಳಿ" ಎಂದ ಗಿಟಾರ್‌ನವನು. "ಒಂದು ಕೈಯಲ್ಲಿ ಬಾರಿಸ್ತಾ ಇನ್ನೊಂದು ಕೈಯಲ್ಲಿ ಕಂಪ್ಯೂಟರ್ ಒತ್ತೋಕಾಗಲ್ಲ. ಇದ್ದಿದ್ದೇ ಒಂದು ಕೈ."

ರೂಮಿನಲ್ಲಿ ಇದ್ದವರು ವಾದ್ಯ ರಿಪೇರಿಯವರು ಎಂದು ಮಗಳಿಂದ ತಿಳಿಯಿತು. ಬುಧವಾರ ಬೆಳಿಗ್ಗೆ ಒಂಬತ್ತೂವರೆಗೆ ಅವರ ಅಂಗಡಿಗೆ ಹೋದಾಗ ಕನ್ನಡಕದ ಮೇಲೊಂದು ಭೂತಗನ್ನಡಿ ಹಾಕಿಕೊಂಡು ಬೆಸುಗೆ ಹಾಕುತ್ತಿದ್ದರು. ಅರವತ್ತೆಂಟು ವಯಸ್ಸು. ಬ್ಯಾಂಡು ಶುರುವಾದ ದಿನದಿಂದ ಗುಡುಗಣ್ಣನ ವಾದ್ಯಗಳನ್ನು ನೋಡಿಕೊಂಡವರು. ಕಾರ್ಯಕ್ರಮಕ್ಕೆ ಮುಂಚೆ ಪ್ರತಿ ಕೀಯನ್ನೂ ಬಾರಿಸಿ ಪರೀಕ್ಷಿಸುವುದು, ಕಾರ್ಯಕ್ರಮ ನಡೆಯುವಾಗ ವೇದಿಕೆಯ ಹಿಂದೆ ಟಾರ್ಚ್ ಹಿಡಿದು ಕೂರುವುದು. ಮಗಳು ಚಿಕ್ಕಂದಿನಿಂದ ಅವರನ್ನು ಬೆಸುಗೆ ಮಾಮ ಎನ್ನುತ್ತಿದ್ದಳು, ಈಗ ಊರೆಲ್ಲ ಹಾಗೇ ಅನ್ನುತ್ತದೆ. ಅಂಗಡಿಯಲ್ಲಿ ಸ್ಕ್ರೂಗಳು ಹಳೆಯ ಮಾತ್ರೆ ಡಬ್ಬಿಗಳಲ್ಲಿ, ಸ್ಪ್ರಿಂಗುಗಳು ಉಪ್ಪಿನಕಾಯಿ ಬಾಟಲಿಯಲ್ಲಿ. ಮೇಜಿನ ಅಂಚಿಗೆ ಕೆಂಪು ಉಣ್ಣೆಬಟ್ಟೆಯ ಒಂದು ಹಾಳೆ ಇತ್ತು, ಒಂದು ಮೂಲೆಯಲ್ಲಿ ಸಣ್ಣ ಚೌಕ ಕತ್ತರಿಸಿದ್ದು ಕಾಣುತ್ತಿತ್ತು.

"ಆ ರೂಮಿಗೆ ಕೊನೇ ಸಲ ಹೋಗಿದ್ದು?"

"ಅವನನ್ನ ಆಸ್ಪತ್ರೆಗೆ ಕರ್ಕೊಂಡು ಹೋದ ದಿನ."

"ಆಮೇಲೆ?"

"ಇಲ್ಲ."

"ಡಿಸ್ಕ್ ಕಳುವಾಗಿದ್ದು ಗೊತ್ತಾ?"

"ಅವನ ಮಗಳು ಪುಟ್ಟಿ ಫೋನ್ ಮಾಡಿದ್ಲು."

"ಎಡಗೈ ಸ್ವಾಧೀನ ಇರಲಿಲ್ಲ. ಹೇಗೆ ಬಾರಿಸ್ತಿದ್ರು?"

ರಿಪೇರಿಯವರು ಬೆಸುಗೆಯ ಕಡ್ಡಿಯನ್ನು ಸ್ಪಂಜಿನ ಮೇಲೆ ಒರೆಸಿದರು. ಚುಯ್ ಎಂದಿತು.

"ಬಾರಿಸ್ತಿದ್ದ" ಎಂದರು, ಅಷ್ಟೇ. ಆಮೇಲೆ ಎಷ್ಟು ಕೆದಕಿದರೂ ಬಾಯಿಗೆ ಬೀಗ.

ಹೊರಗೆ ಬಂದ ಮೇಲೆ ಹೆಡ್ ಕಾನ್‌ಸ್ಟೆಬಲ್ ಅಂದ: "ಇವರಿಗೂ ಅವರಿಗೂ ಜಗಳ ಅಂತ ನಾನು ಕೇಳಿಲ್ಲ ಮೇಡಂ. ಕದ್ದರೂ ಏನು ಲಾಭ?"

"ಲಾಭ ಇಲ್ಲದೆ ಸುಳ್ಳು ಹೇಳೋರನ್ನ ಕಂಡ್ರೆ ನನಗೆ ಇನ್ನೂ ಭಯ" ಎಂದರು ಇನ್‌ಸ್ಪೆಕ್ಟರ್.

ಅದೇ ದಿನ ಮಧ್ಯಾಹ್ನ ಎರಡಕ್ಕೆ ಬೆರಳಚ್ಚಿನವರು ರೂಮಿಗೆ ಬಂದರು. ವೈರಿನ ಮೇಲೆ ಸಿಕ್ಕ ಗುರುತುಗಳು ಒಂದರ ಮೇಲೊಂದು ಬಿದ್ದು ಉಪಯೋಗಕ್ಕೆ ಬರುವಂತಿರಲಿಲ್ಲ. ಕೊನೆಗೆ ಆರ್ಗನ್ ಉಳಿಯಿತು. ಮಗಳೇ ಮುಂದೆ ಬಂದು ಹೊದಿಕೆಯ ಎರಡು ತುದಿ ಹಿಡಿದು ಹಿಂದಕ್ಕೆ ಎಳೆದಳು. ಎಳೆದವಳು ಹಾಗೇ ನಿಂತಳು.

"ಇದು ಎದ್ದಿದೆ."

"ಏನು?"

ಅವಳು ಎಡತುದಿಯಿಂದ ನಾಲ್ಕನೆಯ ಬಿಳಿ ಕೀಯನ್ನು ತೋರಿಸಿದಳು, ಮುಟ್ಟಲಿಲ್ಲ. "ಇದು ಕೆಳಗೆ ಸಿಕ್ಕಿಹಾಕ್ಕೊಂಡಿತ್ತು. ಅಪ್ಪ ಬಿದ್ದಾಗ ಕೈ ಇದರ ಮೇಲಿತ್ತು. ಒತ್ತಿದ್ದು ಮೇಲೆ ಬಂದೇ ಇರಲಿಲ್ಲ. ಅವರು ಕೊನೆಗೆ ಒತ್ತಿದ್ದು ಅಂತ ನಾನು ಹಾಗೇ ಇರಲಿ ಅಂತ ಹೊದಿಸಿಟ್ಟಿದ್ದೆ." ಅವಳು ಬಗ್ಗಿ ಕೀಯನ್ನು ಹತ್ತಿರದಿಂದ ನೋಡಿದಳು. "ಯಾರೋ ಸರಿ ಮಾಡಿದ್ದಾರೆ."

ಬೆರಳಚ್ಚಿನವನು ಕೈಗವಸಿನ ಬೆರಳಿಂದ ಆ ಕೀಯನ್ನು ಒತ್ತಿಬಿಟ್ಟ. ಅದು ಚಕ್ಕನೆ ಮೇಲೆ ಬಂತು. ಮುಂದಿನ ಪಟ್ಟಿ ಬಿಚ್ಚಿ ನೋಡಿದರೆ ಉಳಿದ ಕೀಗಳ ಕೆಳಗಿನ ಉಣ್ಣೆಬಟ್ಟೆ ಹಳತಾಗಿ ಮಾಸಿ ಬಿಳಿಚಿತ್ತು. ನಾಲ್ಕನೆಯದರ ಕೆಳಗೆ ಮಾತ್ರ ಹೊಸ ಕೆಂಪು ಚೌಕ. ಪಟ್ಟಿಯ ಒಳಮೈಯಲ್ಲಿ, ಹೊರಗಿನಿಂದ ಯಾರ ಕೈಯೂ ತಲುಪದ ಜಾಗದಲ್ಲಿ, ಸ್ಪಷ್ಟವಾದ ಹೆಬ್ಬೆರಳಿನ ಗುರುತು.

"ಕದಿಯೋಕೆ ಬಂದು ರಿಪೇರಿ ಮಾಡಿ ಹೋದ ಕಳ್ಳನ್ನ ಇದೇ ಮೊದಲು ನೋಡ್ತಿರೋದು" ಎಂದ ಹೆಡ್ ಕಾನ್‌ಸ್ಟೆಬಲ್ ಮೆಲ್ಲಗೆ. "ನಮ್ಮನೆ ಮಿಕ್ಸಿ ಮೂರು ತಿಂಗಳಿಂದ ಕೆಟ್ಟಿದೆ, ಬಾಗಿಲು ತೆಗೆದಿಟ್ಟೇ ಬರ್ತೀನಿ." ಹೇಳಿದ ಮೇಲೆ ಮಗಳ ಮುಖ ನೋಡಿ ನಾಲಿಗೆ ಕಚ್ಚಿಕೊಂಡ.

ನಿಜಕ್ಕೂ ಬೇರೆ ಯಾವ ಕಳ್ಳನೂ ಮಾಡದ ತಪ್ಪು ಅದು. ನಲವತ್ತು ವರ್ಷ ಒಂದು ವಾದ್ಯವನ್ನು ನೋಡಿಕೊಂಡ ಕೈಗೆ, ಸಿಕ್ಕಿಹಾಕಿಕೊಂಡ ಕೀಯನ್ನು ನೋಡಿಯೂ ಹಾಗೇ ಬಿಟ್ಟುಬರಲು ಆಗಲಿಲ್ಲ.

"ರಿಪೇರಿಯವರು ರೂಮಿಗೆ ಬರಬೇಕು ಅಂತ ನಿಮ್ಮನ್ನ ಯಾವಾಗಾದ್ರೂ ಕೇಳಿದ್ರಾ?" ಎಂದರು ಇನ್‌ಸ್ಪೆಕ್ಟರ್.

"ಎರಡು ಸಲ. ಎರಡು ಗಂಟೆ ರೂಮ್ ಬಿಟ್ಟುಕೊಡು ಪುಟ್ಟಿ, ಸ್ವಲ್ಪ ಕೆಲಸ ಇದೆ ಅಂದ್ರು. ಏನು ಕೆಲಸ ಅಂತ ಹೇಳಲಿಲ್ಲ. ಯಾರಿಗೂ ಬಿಡಲ್ಲ ಮಾಮ ಅಂದೆ." ಅವಳು ಸ್ಟೂಲಿನ ಮೇಲೆ ಕೂತುಬಿಟ್ಟಳು. "ಮಾಮನಾ? ಅವರು ನನ್ನನ್ನ ಎತ್ತಿ ಆಡಿಸಿದವರು ಮೇಡಂ."

ಶೋಧನಾ ವಾರಂಟಿಗೆ ಅರ್ಜಿ ಬರೆಯಲು ಇನ್‌ಸ್ಪೆಕ್ಟರ್ ಹೆಡ್ ಕಾನ್‌ಸ್ಟೆಬಲ್‌ಗೆ ಹೇಳಿದರು.

ಗುರುವಾರ ಬೆಳಿಗ್ಗೆ ಹನ್ನೊಂದು ಹತ್ತಕ್ಕೆ ಶೋಧನಾ ವಾರಂಟಿನೊಂದಿಗೆ ಅಂಗಡಿಗೆ ಹೋದರು. ಪಂಚರಾಗಿ ಪಕ್ಕದ ದರ್ಜಿ, ಎದುರಿನ ಜೆರಾಕ್ಸ್ ಅಂಗಡಿಯವನು. ಮುಂದೆ ಯಾರೂ ಇರಲಿಲ್ಲ. ಹಿಂದಿನ ಕೋಣೆಯಲ್ಲಿ ರಿಪೇರಿಯವರು ಬಾಗಿಲಿಗೆ ಬೆನ್ನು ಹಾಕಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕಂಪ್ಯೂಟರಿನ ಮುಂದೆ ಕೂತಿದ್ದರು. ನಾಲ್ಕು ಜನ ಬಂದು ನಿಂತರೂ ಅವರಿಗೆ ಕೇಳಿಸಲಿಲ್ಲ. ಕಪ್ಪು ಡಬ್ಬಿ ಮೇಜಿನ ಮೇಲೇ ಇತ್ತು. ಪರದೆಯ ಮೇಲೆ ಉದ್ದ ಪಟ್ಟಿ, ಹತ್ತೊಂಬತ್ತನೆಯ ಸಾಲಿನ ಮೇಲೆ ನೀಲಿ ಗೆರೆ. ಇನ್‌ಸ್ಪೆಕ್ಟರ್ ಭುಜ ಮುಟ್ಟಿದಾಗ ತಿರುಗಿದರು. ಮುಖ ಒದ್ದೆಯಾಗಿತ್ತು.

"ಇನ್ನೊಂದು ದಿನ ಸಿಕ್ಕಿದ್ರೆ ಆಗ್ತಿತ್ತು" ಎಂದರು.

"ಏನು ಆಗ್ತಿತ್ತು?"

ರಿಪೇರಿಯವರು ಮುಖ ಒರೆಸಿಕೊಂಡರು.

"ಬೀಗದ ಕೈ ಯಾರು ಕೊಟ್ರು?"

"ಅವನೇ. ಆಸ್ಪತ್ರೆಯಲ್ಲಿ."

"ರೂಮಿಗೆ ಹೋದದ್ದು?"

"ಶುಕ್ರವಾರ. ಹನ್ನೆರಡು ಗಂಟೆಗೆ. ಪುಟ್ಟಿ ಅಂಗಡಿಗೆ ಹೋಗಿದ್ಲು."

"ರೆಕಾರ್ಡಿಂಗ್‌ನಲ್ಲಿ ಎಡಗೈ ಯಾರದು?"

ರಿಪೇರಿಯವರು ತಮ್ಮ ಎಡಗೈಯನ್ನು ನೋಡಿಕೊಂಡರು. ಬೆಸುಗೆಯಿಂದ ಸುಟ್ಟ ಕಲೆಗಳ ಕೈ.

"ನಂದು."

ಆಮೇಲೆ ಕೇಳಬೇಕಾಗಲಿಲ್ಲ, ತಾವೇ ಹೇಳಿದರು. ಹೆಡ್ ಕಾನ್‌ಸ್ಟೆಬಲ್ ನಿಂತೇ ಬರೆದುಕೊಂಡ.

"ಅವನು ಪ್ರತಿ ಹಾಡಿಗೂ ಎಡಗೈಯಲ್ಲಿ ಬಾರಿಸೋಕೆ ನೋಡ್ತಿದ್ದ. ಬೆರಳು ಒಂದರ ಮೇಲೊಂದು ಬೀಳೋದು. ಬೈಯೋನು. ಬಲಗೈಯಿಂದ ಆ ಕೈಗೆ ಹೊಡೆಯೋನು. ಆಮೇಲೆ ಅಳೋನು, ಚಿಕ್ಕ ಮಕ್ಕಳು ಅಳ್ತಾವಲ್ಲ, ಹಾಗೆ. ಯಾವ ಸಲ ಸರಿ ಬರುತ್ತೋ ಗೊತ್ತಿರಲಿಲ್ವಲ್ಲ, ಅದಕ್ಕೆ ಮಷಿನ್ ನಿಲ್ಲಿಸ್ತಿರಲಿಲ್ಲ. ಎಲ್ಲಾ ಬಂದಿದೆ ಅದರಲ್ಲಿ. ಒಂದು ಶನಿವಾರ ಬಾಗಿಲ ಸಂದಿಯಲ್ಲಿ ನೆರಳು ಕಾಣಿಸ್ತು. ಅವಳು ಕೂತಿದ್ದಾಳೆ ಕಣೋ, ನೀನು ಬಾರಿಸು, ನಾನೇ ಅಂದ್ಕೊಳ್ಳಲಿ ಅಂದ. ಬಾರಿಸಿದೆ. ಅವನ ಎಡಗೈ ಹೇಗೆ ಬೀಳುತ್ತೆ ಅಂತ ನನ್ನಷ್ಟು ಯಾರಿಗೆ ಗೊತ್ತು? ಹೊರಗೆ ಅವಳು ಅತ್ತಿದ್ದು ನಮಗಿಬ್ಬರಿಗೂ ಕೇಳಿಸ್ತು. ಅಲ್ಲಿಂದ ಎಂಟು ಹಾಡಿಗೂ ನಾನೇ. ಹೆಸರು ಹಾಕಿಸ್ತೀನಿ ಅಂದ. ಬೇಡ ಅಂದೆ. ಆದ್ರೂ ದಿನಾ ಮೊದಲು ಒಂದು ಗಂಟೆ ಅವನು ಪ್ರಯತ್ನ ಪಡೋನು. ಬಿಡ್ತಿರಲಿಲ್ಲ."

"ಆಸ್ಪತ್ರೆಯಲ್ಲಿ ಏನಂದ್ರು?"

"ಹಾಡು ಮಾತ್ರ ಇಟ್ಕೋ, ನಾನು ಅತ್ತಿದ್ದೆಲ್ಲಾ ಅಳಿಸಿಹಾಕು, ಮಗಳ ಕಿವಿಗೆ ಬೀಳಬಾರದು ಅಂದ. ಆಗಲಿ ಅಂದೆ. ಅವಳು ಯಾರಿಗೂ ರೂಮ್ ಬಿಡಲ್ಲ ಅಂದ್ಲು, ಬೀಗದ ಕೈ ಇದ್ರೂ ಕದ್ದು ಹೋಗೋಕೆ ಮನಸ್ಸು ಬರಲಿಲ್ಲ. ಅಷ್ಟರಲ್ಲಿ ಆ ಕಂಪನಿಯವನು ಅದನ್ನೇ ಊರಿಗೆಲ್ಲಾ ಕೇಳಿಸ್ತೀನಿ ಅಂತ ಬಂದ."

"ಅಳಿಸಿದ್ರಾ?"

"ಎಂಟು ಹಾಡಿನದು ಅಳಿಸಿದೆ. ಹಾಡು ಹಾಗೇ ಇದೆ. ಒಂಬತ್ತನೇದು ಉಳಿದಿದೆ. ನಲವತ್ತೊಂದು ಸಲ ಬಾರಿಸಿದ್ದು ಇದೆ ಅದರಲ್ಲಿ."

ಹನ್ನೊಂದು ನಲವತ್ತಕ್ಕೆ ದಸ್ತಗಿರಿ. ಡಿಸ್ಕ್, ಬೀಗದ ಕೈ, ಕೆಂಪು ಉಣ್ಣೆಬಟ್ಟೆಯ ಹಾಳೆ ಜಪ್ತಿಯಾದವು. ಹೊರಡುವ ಮುಂಚೆ ರಿಪೇರಿಯವರು ಬೆಸುಗೆ ಕಡ್ಡಿಯ ಪ್ಲಗ್ ಕಿತ್ತಿದ್ದೀನಾ ಎಂದು ನೋಡಲು ಅನುಮತಿ ಕೇಳಿದರು. ಕಿತ್ತಿರಲಿಲ್ಲ. ಕಿತ್ತು ಬಂದರು.

ಎರಡೂವರೆಗೆ ಠಾಣೆಯಲ್ಲಿ ಪಂಚರ ಎದುರು ಡಿಸ್ಕಿನ ಪ್ರತಿ ತೆಗೆದು, ಮೂಲವನ್ನು ಬಟ್ಟೆಯಲ್ಲಿ ಕಟ್ಟಿ ಅರಗಿನ ಮುದ್ರೆ ಹಾಕಿದರು. ಇನ್ನು ಉಳಿದದ್ದು ಒಂದೇ. ಜಪ್ತಿಯಾದ ಮಾಲು ಕಳುವಾದದ್ದೇ ಎಂದು ಫಿರ್ಯಾದಿ ಗುರುತಿಸಬೇಕು. ಚಿನ್ನದ ಸರವಾದರೆ ಕಣ್ಣಿಂದ ನೋಡಿ ಗುರುತಿಸುತ್ತಾರೆ. ಇದನ್ನು ಕೇಳಿಯೇ ಗುರುತಿಸಬೇಕು. ಕೇಳಿದ್ದನ್ನು ಪಂಚನಾಮೆಯಲ್ಲಿ ಬರೆಯಬೇಕು.

ನಡೆದದ್ದನ್ನೆಲ್ಲ ಇನ್‌ಸ್ಪೆಕ್ಟರ್ ಆಗಲೇ ಮಗಳಿಗೆ ಹೇಳಿದ್ದರು. ಈಗ ಮೇಜಿನ ಒಂದು ಕಡೆ ಅವಳು, ಇನ್ನೊಂದು ಕಡೆ ಕಾನ್‌ಸ್ಟೆಬಲ್ ಪಕ್ಕದಲ್ಲಿ ರಿಪೇರಿಯವರು.

"ಬರೀಲೇಬೇಕಾ ಮೇಡಂ?" ಎಂದರು ರಿಪೇರಿಯವರು.

"ಬರೀಲೇಬೇಕು."

ಒಂಬತ್ತನೆಯ ಹಾಡಿನ ಮೊದಲ ಪ್ರಯತ್ನವನ್ನು ಹಾಕಿದರು. ಸ್ಟೂಲು ಎಳೆದ ಸದ್ದು. ಒಂದು ಕೆಮ್ಮು. "ಹ್ಞೂಂ, ಹಾಕು" ಎಂದಿತು ತೊದಲುವ ಗಂಡು ದನಿ. ಬಲಗೈಯಲ್ಲಿ ರಾಗ ಎದ್ದಿತು, ಸಂಗೀತವೆಂದರೆ ದೂರ ಸರಿಯುವ ಇನ್‌ಸ್ಪೆಕ್ಟರ್ ಕೂಡ ಪೆನ್ನು ಎತ್ತಿ ಹಿಡಿದರು. ನಾಲ್ಕು ಸುತ್ತಿನ ಮೇಲೆ ಕೆಳಗಿನಿಂದ ಎಡಗೈ ಬರಬೇಕಾಗಿದ್ದಲ್ಲಿ ಮೂರು ಕೀಗಳು ಒಟ್ಟಿಗೆ ಅಪ್ಪಳಿಸಿ ನಿಂತವು. ಮತ್ತೆ. ಮತ್ತೆ. ಆಮೇಲೆ ಚಪ್ಪಾಳೆ ತಟ್ಟಿದಂಥ ಸದ್ದು ಬಂತು. ಅದು ಕೈ ಮೇಲೆ ಬಿದ್ದ ಏಟು ಎಂದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆಮೇಲೆ ಅಳು. ದರ್ಜಿ ತಲೆ ತಗ್ಗಿಸಿದ. ರಿಪೇರಿಯವರು ಗೋಡೆಯ ಕಡೆ ತಿರುಗಿದರು.

ಹೆಡ್ ಕಾನ್‌ಸ್ಟೆಬಲ್ ಬರೆದ: "ಎರಡು ನಿಮಿಷ ಹತ್ತು ಸೆಕೆಂಡಿಗೆ ಪುರುಷನೊಬ್ಬ ಅಳುವ ಧ್ವನಿ ಕೇಳಿಬರುತ್ತದೆ." ಅವನು ಹಿಂದೆ ಗೋಡೆ ಹಾರಿ ಹೋಗಿ ಕೇಳಿದ್ದು ಏಟು ತಿಂದ ಆ ಎಡಗೈಯನ್ನೇ. ಅಕ್ಷರ ಸೊಟ್ಟಗಾಯಿತು.

ಇನ್‌ಸ್ಪೆಕ್ಟರ್ ನಿಲ್ಲಿಸಿದರು. "ಇದು ನಿಮ್ಮ ತಂದೆಯವರ ಧ್ವನಿಯೇ?"

"ಹೌದು."

"ಗುರುತಿಗೆ ಇಷ್ಟು ಸಾಕು. ಬೇರೆ ಕೇಳಬೇಕಾಗಿಲ್ಲ."

"ನಾನು ಎಲ್ಲಾ ಕೇಳ್ತೀನಿ" ಎಂದಳು ಅವಳು.

"ಪುಟ್ಟಿ, ಬೇಡ ಕಣಮ್ಮ" ಎಂದರು ರಿಪೇರಿಯವರು ಗೋಡೆಯ ಕಡೆಯಿಂದಲೇ.

ಅವಳು ಆಗ ಅವರನ್ನು ಮೊದಲ ಸಲ ನೇರವಾಗಿ ನೋಡಿದಳು. "ಎಂಟು ಹಾಡಿನಷ್ಟು ಅಪ್ಪನ್ನ ಅಳಿಸಿಹಾಕಿದ್ರಿ ಮಾಮ. ಅಳೋ ಅಪ್ಪನೂ ನನ್ನ ಅಪ್ಪನೇ ಅಲ್ವಾ? ನನ್ನನ್ನ ಒಂದು ಮಾತು ಕೇಳಬೇಕಾಗಿತ್ತು."

"ಕೇಳಿದ್ರೆ ಹೇಳಬೇಕಾಗ್ತಿತ್ತು. ಹೇಳಿದ್ರೆ ಮಾತು ಮುರಿದ ಹಾಗೆ."

"ಶನಿವಾರ ನಾನು ಮೆಟ್ಟಿಲ ಮೇಲೆ ಕೂತು ಕೇಳಿದ್ದು ನಿಮ್ಮನ್ನ."

"ಹ್ಞೂಂ."

"ಮತ್ತೆ ಒಂಬತ್ತನೇದು ಯಾಕೆ ಬಿಟ್ರಿ?"

ರಿಪೇರಿಯವರು ಗೋಡೆಯಿಂದ ಈ ಕಡೆ ತಿರುಗಿದರು. "ಅದರಲ್ಲಿ ಎಲ್ಲೋ ಒಂದು ಕಡೆ ಅವನು ನಗ್ತಾನೆ. ಒಂದೇ ಒಂದು ಸಲ. ಯಾವುದರಲ್ಲಿ ಅಂತ ಮರೆತುಹೋಗಿದೆ. ಅದೊಂದನ್ನ ನಿನಗೆ ಅಂತ ಇಟ್ಟು ಉಳಿದದ್ದು ಅಳಿಸೋಣ ಅಂತ ಹುಡುಕ್ತಾ ಇದ್ದೆ. ಹುಡುಕಬೇಕಂದ್ರೆ ಎಲ್ಲಾ ಕೇಳಬೇಕು. ಕೇಳೋಕೆ ಆಗ್ತಿರಲಿಲ್ಲ. ಹತ್ತೊಂಬತ್ತಕ್ಕೆ ಬಂದಿದ್ದೆ."

ಮೂರೂಕಾಲಿಗೆ ಅವರನ್ನು ಲಾಕಪ್ಪಿಗೆ ಹಾಕಿದರು. ಫಿರ್ಯಾದಿ ಠಾಣೆಯಲ್ಲಿ ಕೂತು ಪೂರ್ತಿ ಮಾಲನ್ನು ಪರಿಶೀಲಿಸಬಾರದು ಎಂದು ಯಾವ ನಿಯಮದಲ್ಲೂ ಇರಲಿಲ್ಲ. ಇದ್ದಿದ್ದರೂ ಇನ್‌ಸ್ಪೆಕ್ಟರ್ ಆ ದಿನ ಅದನ್ನು ಹುಡುಕುತ್ತಿರಲಿಲ್ಲ. ಹೆಡ್ ಕಾನ್‌ಸ್ಟೆಬಲ್ ಎಲ್ಲಿಂದಲೋ ಹೆಡ್‌ಫೋನ್ ತಂದುಕೊಟ್ಟ, ಬರುವ ಹೋಗುವವರಿಗೆ ಬೆನ್ನಾಗುವಂತೆ ಕುರ್ಚಿ ತಿರುಗಿಸಿಟ್ಟ. ಅವಳು ಕೇಳುತ್ತ ಕೂತಳು. ಆಗಾಗ ಕಣ್ಣೊರೆಸಿಕೊಳ್ಳುವುದು ಹಿಂದಿನಿಂದಲೂ ತಿಳಿಯುತ್ತಿತ್ತು. ಟೀ ಎರಡು ಸಲ ಆರಿ ವಾಪಸು ಹೋಯಿತು. ಸೈಕಲ್ ಕಳೆದುಕೊಂಡ ಒಬ್ಬ ಬಂದ, ದನಿ ತಗ್ಗಿಸಿ ದೂರು ಕೊಟ್ಟು ಹೋದ. ಯಾಕೆ ತಗ್ಗಿಸಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಇನ್‌ಸ್ಪೆಕ್ಟರ್ ತಮ್ಮ ಮೇಜಿನಲ್ಲಿ ದಸ್ತಗಿರಿಯ ಹಾಳೆ ತುಂಬುತ್ತಿದ್ದರು. ಕೃತ್ಯಕ್ಕೆ ಪ್ರೇರಣೆ ಎಂಬ ಕಲಮಿನಲ್ಲಿ ಪೆನ್ನು ನಿಂತಿತು.

"ಕಳವು ಕೇಸಲ್ಲಿ ಲಾಭಕ್ಕಾಗಿ ಅಂತ ಬರೀತೀವಿ ಮೇಡಂ" ಎಂದ ಹೆಡ್ ಕಾನ್‌ಸ್ಟೆಬಲ್.

"ಗೊತ್ತು" ಎಂದು ಆ ಕಲಮನ್ನು ಖಾಲಿ ಬಿಟ್ಟು ಮುಂದಕ್ಕೆ ಹೋದರು.

ನಾಲ್ಕು ಐವತ್ತಕ್ಕೆ ಅವಳು ನಕ್ಕಳು. ಸಣ್ಣ ನಗೆಯಲ್ಲ, ಮೈಮರೆತು ಗಟ್ಟಿಯಾಗಿ ನಕ್ಕದ್ದು. ಠಾಣೆಯಲ್ಲಿ ಎಲ್ಲರೂ ಕೈಯಲ್ಲಿದ್ದ ಕೆಲಸ ನಿಲ್ಲಿಸಿದರು. ಲಾಕಪ್ಪಿನಲ್ಲಿ ಗೋಡೆಗೊರಗಿ ಕೂತಿದ್ದ ರಿಪೇರಿಯವರು ಎದ್ದು ಕಂಬಿ ಹಿಡಿದರು.

"ಎಷ್ಟನೇದು?"

ಹೆಡ್ ಕಾನ್‌ಸ್ಟೆಬಲ್ ಅವಳ ಹಿಂದೆ ಬಗ್ಗಿ ಪರದೆ ನೋಡಿದ. "ಇಪ್ಪತ್ತಾರು."

"ಇಪ್ಪತ್ತಾರು" ಎಂದರು ರಿಪೇರಿಯವರು. ಬೆರಳು ಮಡಿಸಿ ಲೆಕ್ಕ ಹಾಕಿದರು. ಇನ್ನು ಏಳು ಕೇಳಿದ್ದರೆ ಸಿಗುತ್ತಿತ್ತು.

ಅವಳು ಹೆಡ್‌ಫೋನ್ ಒಂದು ಕಿವಿಯಿಂದ ಸರಿಸಿ, ತಿರುಗದೆಯೇ, ಲಾಕಪ್ಪಿನವರೆಗೂ ಕೇಳುವಂತೆ ಹೇಳಿದಳು: "ಬೆರಳು ಜಾರಿ ಏನೋ ಸದ್ದು ಬಂತು ಮಾಮ. ಥೇಟ್ ನಿಮ್ಮ ಸ್ಕೂಟರ್ ಸ್ಟಾರ್ಟ್ ಆದ ಹಾಗಿದೆ ಅಂತ ಅಪ್ಪ ನಗ್ತಾ ಇದ್ದಾರೆ. ನೀವೂ ನಗ್ತಾ ಇದ್ದೀರಿ."

ರಿಪೇರಿಯವರು ಕಂಬಿಗೆ ಹಣೆ ಹಚ್ಚಿ ನಿಂತರು. ಭುಜ ಅಲುಗುತ್ತಿತ್ತು. ನಗುತ್ತಿದ್ದರೋ ಅಳುತ್ತಿದ್ದರೋ ಪಹರೆಯವನಿಗೆ ತಿಳಿಯಲಿಲ್ಲ. ಅವಳು ಹೆಡ್‌ಫೋನನ್ನು ಮತ್ತೆ ಕಿವಿಗೇರಿಸಿ ಇಪ್ಪತ್ತೇಳನೆಯದನ್ನು ಹಾಕಿದಳು. ಅಲ್ಲಿಂದ ಮುಂದೆ ಮತ್ತೆ ಅಳುವೇ ಇತ್ತು. ಅವಳು ಒಂದನ್ನೂ ಬಿಡಲಿಲ್ಲ.

ಅವಳು ಹೋದ ಮೇಲೆ ಇನ್‌ಸ್ಪೆಕ್ಟರ್ ಖಾಲಿ ಬಿಟ್ಟಿದ್ದ ಕಲಮಿಗೆ ವಾಪಸು ಬಂದು ತಮ್ಮ ಕೈಯಿಂದಲೇ ಬರೆದರು: "ಲಾಭದ ಉದ್ದೇಶ ಕಂಡುಬಂದಿಲ್ಲ. ಮೃತನು ಅತ್ತದ್ದು ಮಗಳಿಗೆ ಕೇಳಿಸಬಾರದೆಂದು ಮೃತನಿಗೆ ಕೊಟ್ಟ ಮಾತೇ ಕಾರಣ. ಸದರಿ ಮಗಳು ಈ ದಿನ ಸಂಜೆ ಆರು ಗಂಟೆ ಹತ್ತು ನಿಮಿಷದವರೆಗೆ ಠಾಣೆಯಲ್ಲಿ ಕುಳಿತು ಉಳಿದಿದ್ದ ಎಲ್ಲವನ್ನೂ ಕೇಳಿರುತ್ತಾರೆ."